ಎಳೆಯುವ ಬದಲು ತಳ್ಳು: ವಿಮಾನದ ಇಂಧನ ಪಂಪಿನ ಕಥೆ

ಬಾವಿಯ ದಡದಲ್ಲಿಟ್ಟ ಪಂಪು 10 ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ನೀರನ್ನು ಮೇಲಕ್ಕೆ ನೂಕುವುದು ವಾಯುಭಾರ. ಅದರ ಮಿತಿ ಮೀರಿದರೆ ಕೊಳವೆಯೊಳಗೆ ನೀರೇ ಆವಿಯಾಗುತ್ತದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ರೈತರು ಕೊಳವೆಬಾವಿಯಲ್ಲಿ ಪಂಪನ್ನು ನೀರಿನೊಳಗೇ ಇಳಿಸುವುದು ಇದಕ್ಕಾಗಿ. ವಿಮಾನ ತಂತ್ರಜ್ಞರೂ ಇದೇ ದಾರಿ ಹಿಡಿಯಬೇಕಾಯಿತು.

1903ರ ರೈಟ್ ಸೋದರರ ವಿಮಾನದಲ್ಲಿ ಎತ್ತರದ ತೊಟ್ಟಿಯಿಂದ ಪೆಟ್ರೋಲು ತಾನಾಗಿ ಎಂಜಿನ್ನಿಗೆ ಹರಿಯುತ್ತಿತ್ತು. ಮುಂದೆ ತೊಟ್ಟಿಗಳು ರೆಕ್ಕೆಯೊಳಗೆ ಸೇರಿದಾಗ, ಎಂಜಿನ್ನಿನ ಬಳಿಯ ಪಂಪು ಅದನ್ನು ಎಳೆಯತೊಡಗಿತು. ಎರಡನೆಯ ಮಹಾಯುದ್ಧದ ವಿಮಾನಗಳು ಕೆಲವೇ ನಿಮಿಷಗಳಲ್ಲಿ ಬಹು ಎತ್ತರಕ್ಕೇರತೊಡಗಿದಾಗ ತೊಂದರೆ ಹೆಚ್ಚಿತು. ವಿಮಾನದ ಪೆಟ್ರೋಲಿನ ಆವಿಯ ಒತ್ತಡ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 49 ಕಿಲೋಪಾಸ್ಕಲ್‌ವರೆಗೆ ಇರಬಹುದು. 6 ಕಿ.ಮೀ. ಎತ್ತರದಲ್ಲಿ ವಾಯುಭಾರ ಸುಮಾರು 47 ಮಾತ್ರ. ನೆಲದ ಬಿಸಿ ಆರುವ ಮುನ್ನ ಅಲ್ಲಿಗೇರಿದರೆ ಪೆಟ್ರೋಲು ಕುದಿಯುತ್ತದೆ. ಎಳೆಯುವ ಕೊಳವೆಯಲ್ಲಿ ಒತ್ತಡ ಇನ್ನೂ ಕಡಿಮೆ. ಅಲ್ಲಿ ಆವಿ ತುಂಬಿ ಎಂಜಿನ್ ನಿಲ್ಲಬಹುದು. ಇದೇ ‘ವೇಪರ್ ಲಾಕ್’.

ಪರಿಹಾರ ಮೂರು: ಇಂಧನದ ಆವಿಯ ಒತ್ತಡಕ್ಕೆ ಮಿತಿ, ತೊಟ್ಟಿಯೊಳಗೆ ಗಾಳಿಯ ಒತ್ತಡ, ತೊಟ್ಟಿಯ ಬದಿಯಿಂದಲೇ ಇಂಧನ ತಳ್ಳುವ ವಿದ್ಯುತ್ ಬೂಸ್ಟರ್ ಪಂಪು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ 1948ರಿಂದ ದುರಸ್ತಿಗೊಳಿಸಿ ವಾಯುಪಡೆಗೆ ಒಪ್ಪಿಸಿತು. ಅವುಗಳಲ್ಲೂ ಇಂಥ ಬೂಸ್ಟರ್ ಪಂಪುಗಳಿದ್ದವು.

ಕಾರಿನ ಪೆಟ್ರೋಲಿನ ಆವಿಯ ಒತ್ತಡ ಸಾಮಾನ್ಯವಾಗಿ ಇನ್ನೂ ಹೆಚ್ಚು. ಅನುಮೋದನೆ ಇಲ್ಲದೆ ಅದನ್ನು ವಿಮಾನಕ್ಕೆ ತುಂಬಬಾರದು ಎಂಬ ಕಟ್ಟುನಿಟ್ಟಿಗೆ ಇದೂ ಒಂದು ಕಾರಣ.