ಕಮಾನು ಗಾಡಿ (ಅಮೆರಿಕದ ವಲಸೆ ದಾರಿಗಳು)

19ನೆಯ ಶತಮಾನದಲ್ಲಿ ಅಮೆರಿಕದ ವಲಸಿಗ ಕುಟುಂಬಗಳು ಪಶ್ಚಿಮಕ್ಕೆ ಸಾಗಲು ಬಳಸಿದ, ಬಟ್ಟೆಯ ಹೊದಿಕೆಯುಳ್ಳ ಮರದ ಗಾಡಿ. ಆರೆಗನ್ ದಾರಿಯಲ್ಲಿ ಹೆಚ್ಚಾಗಿ ಕಂಡದ್ದು ‘ಪ್ರೇರಿ ಸ್ಕೂನರ್’ ಎಂಬ ಹಗುರ ಮಾದರಿ. ಪೆನ್ಸಿಲ್ವೇನಿಯದ ಭಾರೀ ಕಾನೆಸ್ಟೋಗ ಗಾಡಿ ಬೇರೆ. ಪ್ರೇರಿ ಸ್ಕೂನರ್‌ನ ತೊಟ್ಟಿ ಸುಮಾರು 10 ಅಡಿ ಉದ್ದ, 4 ಅಡಿ ಅಗಲ. ಬಗ್ಗಿಸಿದ ಹಿಕರಿ ಮರದ ಕಮಾನುಗಳ ಮೇಲೆ ಅಗಸೆ ಎಣ್ಣೆ ಸವರಿದ ಕ್ಯಾನ್ವಾಸ್ ಬಿಗಿಯುತ್ತಿದ್ದರು. ತಿರುಗಿಸಲು ಅನುಕೂಲವಾಗಲೆಂದು ಮುಂದಿನ ಗಾಲಿಗಳು ಚಿಕ್ಕವಿರುತ್ತಿದ್ದವು. ಒಣಹವೆಗೆ ಮರ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲವಾದರೆ ಗಾಲಿಗಳನ್ನು ಹೊಳೆಯಲ್ಲಿ ನೆನೆಸಿಡಬೇಕಿತ್ತು. ಅಚ್ಚಿಗೆ ಹಾಕುತ್ತಿದ್ದದ್ದು ಟಾರು ಮತ್ತು ಕೊಬ್ಬು ಬೆರೆಸಿದ ಕೀಲೆಣ್ಣೆ.

ಎಳೆಯಲು ಹೆಚ್ಚಿನವರು ಕುದುರೆಗಿಂತ ಎತ್ತುಗಳನ್ನೇ ಆರಿಸಿದರು. ಅವು ಅಗ್ಗ, ಬಯಲ ಹುಲ್ಲು ಮೇಯ್ದೇ ಬದುಕಬಲ್ಲವು. ಹಿಟ್ಟು, ಉಪ್ಪುಹಾಕಿದ ಹಂದಿಮಾಂಸ, ಕಾಫಿ, ಉಪಕರಣ ಎಂದು ಸುಮಾರು ಒಂದು ಟನ್ ಸರಕು ತುಂಬಿದ ಮೇಲೆ ಕೂರಲು ಜಾಗವೇ ಉಳಿಯುತ್ತಿರಲಿಲ್ಲ. ಸ್ಪ್ರಿಂಗ್ ಇಲ್ಲದ ಗಾಡಿಯ ಕುಲುಕಾಟವೂ ಅಸಹನೀಯ. ಹಾಗಾಗಿ ಮಿಸ್ಸೌರಿಯಿಂದ ಆರೆಗನ್‌ವರೆಗಿನ 3,200 ಕಿ.ಮೀ.ಗೂ ಹೆಚ್ಚಿನ ದಾರಿಯನ್ನು ಹೆಂಗಸರು ಮಕ್ಕಳೂ 4ರಿಂದ 6 ತಿಂಗಳು ಬಹುಪಾಲು ನಡೆದೇ ಸವೆಸಿದರು. ಈ ಸಹನೆ ಬೆರಗು ಹುಟ್ಟಿಸುವಂಥದು. ಸಿನಿಮಾಗಳು ದಾಳಿಯೆದುರಿನ ರಕ್ಷಣೆಯೆಂದು ತೋರಿಸುವ ಗಾಡಿಗಳ ವೃತ್ತ ಬಹುತೇಕ ದನ ಕೂಡಿಹಾಕುವ ದೊಡ್ಡಿಯಾಗಿತ್ತು. ಪ್ರಯಾಣಿಕರನ್ನು ಹೆಚ್ಚು ಬಲಿತೆಗೆದುಕೊಂಡದ್ದು ಕಾಲರಾದಂಥ ರೋಗಗಳು. ದಾರಿ ಹಾದದ್ದು ಪಾನಿ, ಲಕೋಟ, ಶೋಶೋನಿ ಎಂಬ ಮೂಲನಿವಾಸಿ ಜನರ ನೆಲದ ಮೇಲೆ. ಅವರ ಹುಲ್ಲುಗಾವಲು ಬರಿದಾದದ್ದನ್ನೂ ಬೈಸನ್ ಹಿಂಡುಗಳು ಚದುರಿದ್ದನ್ನೂ ಬಿಟ್ಟು ಈ ಗಾಡಿಯ ಚರಿತ್ರೆ ಬರೆಯಲಾಗದು. 1869ರಲ್ಲಿ ಖಂಡಾಂತರ ರೈಲುಮಾರ್ಗ ಪೂರ್ಣಗೊಂಡ ಮೇಲೆ ಗಾಡಿ ಪಯಣ ಕ್ರಮೇಣ ಇಳಿಯಿತು.