ಹಿರಿಯರ ಆರೈಕೆ ಸೇವೆಗಳ ನಿರ್ವಹಣಾ ಶಿಕ್ಷಣ

ಹಿರಿಯರ ಆರೈಕೆ ಸೇವೆಗಳ ನಿರ್ವಹಣಾ ಶಿಕ್ಷಣವು ವೃದ್ಧಾಶ್ರಮ, ಹಗಲು ಆರೈಕೆ ಕೇಂದ್ರ, ಮರೆಗುಳಿ ಕಾಯಿಲೆಯವರ ಆರೈಕೆ ಕೇಂದ್ರ ಹಾಗೂ ಮನೆಗೆ ತೆರಳಿ ಆರೈಕೆ ಒದಗಿಸುವ ಸಂಸ್ಥೆಗಳನ್ನು ನಡೆಸಬಲ್ಲವರನ್ನು ಸಿದ್ಧಗೊಳಿಸುವ ವ್ಯಾಸಂಗವಾಗಿದೆ. ಆರೋಗ್ಯಶುಶ್ರೂಷೆ, ಸಮಾಜಕಾರ್ಯ, ಕಾನೂನು ಮತ್ತು ಆಡಳಿತ ಎಂಬ ನಾಲ್ಕು ಕ್ಷೇತ್ರಗಳ ತಿಳಿವಳಿಕೆ ಇದರಲ್ಲಿ ಕೂಡಿಕೊಂಡಿದೆ. ಭಾರತದಲ್ಲಿ ಇಂತಹ ಸಂಸ್ಥೆಯ ವ್ಯವಸ್ಥಾಪಕರಿಗೆ ರಾಷ್ಟ್ರಮಟ್ಟದ ಪರವಾನಗಿ ಪರೀಕ್ಷೆಯಾಗಲಿ, ಕಡ್ಡಾಯ ಪದವಿಯಾಗಲಿ ಇಲ್ಲ. ಆದ್ದರಿಂದ ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳು ಬೇರೆ ಬೇರೆ ಕೋರ್ಸುಗಳಿಂದ ತಮ್ಮ ಅರ್ಹತೆಯನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಕರ್ನಾಟಕದಲ್ಲಿ ಇಂತಹ ಸೇವೆಗಳು ಹೆಚ್ಚಾಗಿ ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ಬೆಳೆದಿವೆ. ಮಂಡ್ಯದಂತಹ ಗ್ರಾಮೀಣ ಜಿಲ್ಲೆಗಳಲ್ಲಿ ಆರೈಕೆಯ ಹೊಣೆ ಇಂದಿಗೂ ಬಹುಮಟ್ಟಿಗೆ ಕುಟುಂಬದ ಮೇಲೆಯೇ ಇದೆ.

ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರ ಸಂಖ್ಯೆ ಸುಮಾರು 10.38 ಕೋಟಿ, ಇದು ಒಟ್ಟು ಜನಸಂಖ್ಯೆಯ ಶೇ. 8.6ರಷ್ಟು. ಕೇಂದ್ರ ಸರ್ಕಾರವು 1999ರಲ್ಲಿ ಹಿರಿಯ ನಾಗರಿಕರ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2007ರಲ್ಲಿ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಅಂಗೀಕಾರವಾಯಿತು. 2010–11ರಲ್ಲಿ ಆರಂಭವಾದ ಹಿರಿಯರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯು ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯರಿಗಾಗಿ 10 ಹಾಸಿಗೆಗಳ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ವಿಶೇಷ ತಪಾಸಣೆ ಇರಬೇಕೆಂದು ಹೇಳುತ್ತದೆ. ಈ ಯೋಜನೆಗಳಿಗೆ ವೈದ್ಯರು ಮತ್ತು ದಾದಿಯರ ಜೊತೆಗೆ, ಆಸ್ಪತ್ರೆ, ಮನೆ ಮತ್ತು ಸರ್ಕಾರಿ ಕಚೇರಿಗಳ ನಡುವೆ ಸೇವೆಗಳನ್ನು ಹೊಂದಿಸುವ ತರಬೇತಾದ ನಿರ್ವಾಹಕರೂ ಬೇಕಾಗುತ್ತಾರೆ.

ಪಾಂಡವಪುರ ಉಪವಿಭಾಗ

ಮಂಡ್ಯ ಜಿಲ್ಲೆಯಲ್ಲಿ ಎರಡು ಕಂದಾಯ ಉಪವಿಭಾಗಗಳಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಉಪವಿಭಾಗಕ್ಕೆ ಸೇರುತ್ತವೆ. ಕಾವೇರಿ ಮತ್ತು ವಿಶ್ವೇಶ್ವರಯ್ಯ ನಾಲೆಯ ನೀರಾವರಿಯುಳ್ಳ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಭತ್ತ ಮತ್ತು ಕಬ್ಬು ಮುಖ್ಯ ಬೆಳೆಗಳು. ನಾಗಮಂಗಲ ಹಾಗೂ ಕೃಷ್ಣರಾಜಪೇಟೆಯ ಹಲವು ಭಾಗಗಳು ಮಳೆಯಾಶ್ರಿತವಾಗಿದ್ದು, ಅಲ್ಲಿಂದ ಬೆಂಗಳೂರು ಮತ್ತು ಮುಂಬಯಿಗೆ ದುಡಿಮೆಗಾಗಿ ವಲಸೆ ಹೋಗುವ ರೂಢಿ ಹಳೆಯದು. 2020ರ ಕೋವಿಡ್ ಲಾಕ್‌ಡೌನ್ ಅವಧಿಯಲ್ಲಿ ಮುಂಬಯಿಯಿಂದ ಈ ತಾಲ್ಲೂಕುಗಳಿಗೆ ಮರಳಿದವರಿಂದಾಗಿ ವಲಸೆಯ ಪ್ರಮಾಣ ನಾಡಿನ ಗಮನಕ್ಕೆ ಬಂದಿತು.

ಮಂಡ್ಯ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,63,705 ಇದ್ದುದು 2011ರಲ್ಲಿ 18,05,769 ಆಯಿತು. ಹತ್ತು ವರ್ಷಗಳ ಈ ಬೆಳವಣಿಗೆ ಶೇ. 2.4ರಷ್ಟು ಮಾತ್ರ, ಅದೇ ಅವಧಿಯಲ್ಲಿ ರಾಜ್ಯದ ಬೆಳವಣಿಗೆ ಶೇ. 15.6ರಷ್ಟಿತ್ತು. ದುಡಿಯುವ ವಯಸ್ಸಿನವರು ಊರು ಬಿಟ್ಟಾಗ ಹೊಲ, ಮನೆ ಮತ್ತು ದನಕರುಗಳೊಂದಿಗೆ ಹಳ್ಳಿಯಲ್ಲಿ ಉಳಿಯುವವರು ವಯಸ್ಸಾದ ತಂದೆ ತಾಯಿಗಳು. ಮಕ್ಕಳು ಹಣ ಕಳುಹಿಸಿದರೂ ಬಿಪಿ, ಸಕ್ಕರೆ ಕಾಯಿಲೆಗಳ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವವರು, ಆಸ್ಪತ್ರೆಗೆ ಕರೆದೊಯ್ಯುವವರು, ಬಿದ್ದಾಗ ಎತ್ತುವವರು ಹತ್ತಿರದಲ್ಲಿ ಇರುವುದಿಲ್ಲ. ವೃತ್ತಿಪರ ಆರೈಕೆ ನಿರ್ವಹಣೆಯು ತುಂಬಬೇಕಾದ ಕೊರತೆ ಮುಖ್ಯವಾಗಿ ಇದೇ ಆಗಿದೆ.

ವ್ಯಾಸಂಗದ ಹಾದಿಗಳು

ಈ ವೃತ್ತಿಗೆ ಸಾಮಾನ್ಯವಾಗಿ ಕೆಳಗಿನ ನಾಲ್ಕು ಹಾದಿಗಳಿಂದ ಪ್ರವೇಶ ದೊರೆಯುತ್ತದೆ.

ಶುಶ್ರೂಷೆ: ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಯ ನಂತರ, ಭಾರತೀಯ ನರ್ಸಿಂಗ್ ಪರಿಷತ್ತಿನ ಪಠ್ಯಕ್ರಮದಂತೆ ಹಿರಿಯರ ಶುಶ್ರೂಷೆಯಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾ ಪಡೆಯಬಹುದು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಸ್ಥಾಪನೆಯಾದ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದ್ದು, ಆದಿಚುಂಚನಗಿರಿ ವಿಶ್ವವಿದ್ಯಾಲಯದ ಅಡಿಯಲ್ಲಿ ಅಲ್ಲಿ ನರ್ಸಿಂಗ್ ಶಿಕ್ಷಣವೂ ಲಭ್ಯವಿದೆ. ಉಪವಿಭಾಗದ ವಿದ್ಯಾರ್ಥಿಗಳಿಗೆ ಇದು ಸಮೀಪದ ವೈದ್ಯಕೀಯ ಶಿಕ್ಷಣ ಕೇಂದ್ರವಾಗಿದೆ.

ಸಮಾಜಕಾರ್ಯ: ಯಾವುದೇ ಪದವಿಯ ನಂತರ ಎರಡು ವರ್ಷಗಳ ಎಂ.ಎಸ್.ಡಬ್ಲ್ಯೂ. ಸ್ನಾತಕೋತ್ತರ ಪದವಿ ಪಡೆಯಬಹುದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ ಅಧ್ಯಯನ ವಿಭಾಗವಿದೆ. ಕುಟುಂಬದೊಂದಿಗೆ ಸಮಾಲೋಚನೆ, ಪ್ರಕರಣ ದಾಖಲಾತಿ ಮತ್ತು ಕ್ಷೇತ್ರಕಾರ್ಯದ ಅಭ್ಯಾಸ ಈ ಹಾದಿಯ ಬಲವಾಗಿದೆ.

ಆಸ್ಪತ್ರೆ ಆಡಳಿತ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ಲಭ್ಯವಿದೆ. ಹಣಕಾಸು, ಸಿಬ್ಬಂದಿ, ಖರೀದಿ ಮತ್ತು ಗುಣಮಟ್ಟದ ನಿರ್ವಹಣೆಯನ್ನು ಇಲ್ಲಿ ಕಲಿಸಲಾಗುತ್ತದೆ.

ವಿಶೇಷ ಮತ್ತು ಅಲ್ಪಾವಧಿ ಕೋರ್ಸುಗಳು: ದೆಹಲಿಯ ರಾಷ್ಟ್ರೀಯ ಸಮಾಜ ರಕ್ಷಣಾ ಸಂಸ್ಥೆಯು ಹಿರಿಯರ ಸಮಗ್ರ ಆರೈಕೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಹಾಗೂ ಕಿರು ಅವಧಿಯ ತರಬೇತಿಗಳನ್ನು ರೂಪಿಸಿದೆ. ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ನಂತರ ನೇರವಾಗಿ ಕೆಲಸಕ್ಕೆ ಸೇರಬಯಸುವವರಿಗೆ ಆರೋಗ್ಯ ಕ್ಷೇತ್ರ ಕೌಶಲ ಮಂಡಳಿಯ ಗೃಹ ಆರೋಗ್ಯ ಸಹಾಯಕ ಮತ್ತು ಸಾಮಾನ್ಯ ಕರ್ತವ್ಯ ಸಹಾಯಕ ತರಬೇತಿಗಳಿವೆ. ಇವು ಆರೈಕೆದಾರರ ತರಬೇತಿಗಳೇ ಹೊರತು ನಿರ್ವಾಹಕರ ಅರ್ಹತೆಗಳಲ್ಲ. ಆದರೆ ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಪದವಿ ಪಡೆದು ಮೇಲ್ವಿಚಾರಕ ಹುದ್ದೆಗೆ ಏರಲು ಇವು ಮೊದಲ ಮೆಟ್ಟಿಲಾಗಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನ ವೃದ್ಧಾಪ್ಯ ಮನೋವೈದ್ಯಕೀಯ ಸೇವೆ ಹಾಗೂ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ ಮರೆಗುಳಿ ಕಾಯಿಲೆಯವರ ಆರೈಕೆ ಕೇಂದ್ರ ಈ ಕ್ಷೇತ್ರದಲ್ಲಿ ರಾಜ್ಯದ ಗಮನಾರ್ಹ ಸೇವೆಗಳಾಗಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ಮೇಲ್ಪಟ್ಟವರ ನೆನಪು ಮತ್ತು ಅರಿವಿನ ಬದಲಾವಣೆಗಳನ್ನು ದೀರ್ಘಕಾಲ ಗಮನಿಸುವ ಅಧ್ಯಯನವನ್ನು ನಡೆಸುತ್ತಿದೆ. ಗ್ರಾಮೀಣ ಹಿರಿಯರ ಕುರಿತು ಕರ್ನಾಟಕದಲ್ಲಿಯೇ ನಡೆಯುತ್ತಿರುವ ಅಧ್ಯಯನವಾದ್ದರಿಂದ ವಿದ್ಯಾರ್ಥಿಗಳಿಗೆ ಇದು ಉಪಯುಕ್ತವಾಗಿದೆ.

ಕಲಿಕೆಯ ವಿಷಯಗಳು

ವೃದ್ಧಾಪ್ಯಶಾಸ್ತ್ರದ ಮೂಲಪಾಠಗಳು ಈ ವ್ಯಾಸಂಗದ ತಳಹದಿಯಾಗಿವೆ. ಬೀಳುವಿಕೆಯನ್ನು ತಡೆಯುವ ಕ್ರಮ, ಹಾಸಿಗೆ ಹುಣ್ಣು ಬಾರದಂತೆ ಮಗ್ಗುಲು ಬದಲಿಸುವ ವೇಳಾಪಟ್ಟಿ, ಒಬ್ಬರೇ ಹಲವು ಔಷಧ ಸೇವಿಸುವಾಗ ಎದುರಾಗುವ ಅಪಾಯ, ಖಿನ್ನತೆ ಮತ್ತು ಮರೆಗುಳಿ ಕಾಯಿಲೆಗಳ ನಡುವಿನ ವ್ಯತ್ಯಾಸ, ಉಪಶಾಮಕ ಆರೈಕೆ ಇವುಗಳಲ್ಲಿ ಮುಖ್ಯವಾದವು. ನಿರ್ವಾಹಕರು ಸ್ವತಃ ಚಿಕಿತ್ಸೆ ನೀಡುವುದಿಲ್ಲ. ಆದರೆ ಸಿಬ್ಬಂದಿ ನೀಡುವ ಆರೈಕೆ ಸರಿಯಾಗಿದೆಯೇ ಎಂಬುದನ್ನು ಗುರುತಿಸಲು ಶಕ್ತರಿರಬೇಕು.

ಆಡಳಿತದ ಭಾಗದಲ್ಲಿ ಪಾಳಿ ಹಂಚಿಕೆ, ಅಡುಗೆಮನೆಯ ಶುಚಿತ್ವ, ಅಗ್ನಿ ಸುರಕ್ಷತೆ, ಅನುದಾನದ ಲೆಕ್ಕಪತ್ರ, ದೂರು ದಾಖಲಾತಿ ಮತ್ತು ನಿವಾಸಿಗಳ ಹಣ ಹಾಗೂ ಒಡವೆಗಳ ಪಾಲನೆ ಸೇರುತ್ತವೆ. ನಿವಾಸಿಯ ಒಪ್ಪಿಗೆಯನ್ನು ಪಡೆಯುವ ಕ್ರಮಕ್ಕೆ ವಿಶೇಷ ಮಹತ್ವವಿದೆ: ಶುಲ್ಕ ಕಟ್ಟುವವರು ಮಕ್ಕಳಾದರೂ ಆರೈಕೆ ಪಡೆಯುವವರು ಹಿರಿಯರೇ ಆದುದರಿಂದ, ನಿರ್ಧಾರಗಳಲ್ಲಿ ಅವರ ಮಾತಿಗೆ ಮೊದಲ ಸ್ಥಾನವಿರಬೇಕೆಂಬುದು ಈ ವೃತ್ತಿಯ ನೀತಿಯಾಗಿದೆ.

ಕಾನೂನಿನ ತಿಳಿವಳಿಕೆ

2007ರ ಕಾಯ್ದೆಯ ಪ್ರಕಾರ ತಮ್ಮ ಆದಾಯ ಅಥವಾ ಆಸ್ತಿಯಿಂದ ಜೀವನ ಸಾಗಿಸಲಾರದ ಹಿರಿಯರು ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿಗಳವರೆಗೆ ಜೀವನಾಂಶ ಕೋರಬಹುದು. ಪ್ರತಿ ಉಪವಿಭಾಗಕ್ಕೂ ಒಂದು ನ್ಯಾಯಮಂಡಳಿ ಇರುತ್ತದೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳು ಅದರ ಅಧ್ಯಕ್ಷರು. ಆದ್ದರಿಂದ ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳ ಹಿರಿಯರ ಅರ್ಜಿಗಳು ಪಾಂಡವಪುರ ಉಪವಿಭಾಗಾಧಿಕಾರಿಗಳ ವ್ಯಾಪ್ತಿಗೆ ಬರುತ್ತವೆ. ನೋಟಿಸ್ ಜಾರಿಯಾದ 90 ದಿನಗಳೊಳಗೆ ಅರ್ಜಿ ಇತ್ಯರ್ಥವಾಗಬೇಕು. ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನಗಳ ಅವಕಾಶವಿದೆ. ಆದೇಶದ ವಿರುದ್ಧ ಹಿರಿಯರು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹಿರಿಯರು ಅಶಕ್ತರಾಗಿದ್ದರೆ ಅವರು ಅಧಿಕಾರ ನೀಡಿದ ವ್ಯಕ್ತಿ ಅಥವಾ ಸಂಸ್ಥೆಯೂ ಅರ್ಜಿ ಸಲ್ಲಿಸಬಹುದಾದ್ದರಿಂದ, ಆರೈಕೆ ನಿರ್ವಾಹಕರಿಗೆ ಈ ವಿಧಾನದ ಅರಿವು ಅಗತ್ಯ.

ಕೃಷಿ ಭೂಮಿಯೇ ಮುಖ್ಯ ಆಸ್ತಿಯಾಗಿರುವ ಪ್ರದೇಶದಲ್ಲಿ 23ನೆಯ ಕಲಂ ಹೆಚ್ಚು ಪ್ರಸ್ತುತವಾಗಿದೆ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ದಾನಪತ್ರ ಮಾಡಿಕೊಟ್ಟು, ಪಡೆದವರು ಆರೈಕೆಯನ್ನು ನಿರಾಕರಿಸಿದರೆ ನ್ಯಾಯಮಂಡಳಿಯು ಆ ಹಸ್ತಾಂತರವನ್ನು ಅನೂರ್ಜಿತವೆಂದು ಘೋಷಿಸಬಹುದು. ಇಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರ್‌ನಲ್ಲಿ ಹೇಳಿತು. ಕಾಯ್ದೆಯು ಹಿರಿಯರ ಹಿತಕ್ಕಾಗಿ ಇರುವುದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ತೀರ್ಪು ನೀಡಿತು. ಹೀಗಾಗಿ ನೋಂದಣಿಗೆ ಮೊದಲೇ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸುವುದು ಹಿರಿಯರಿಗೆ ರಕ್ಷಣೆಯಾಗುತ್ತದೆ.

ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು 19ನೆಯ ಕಲಂ ಹೇಳುತ್ತದೆ. ಖಾಸಗಿ ಆರೈಕೆ ಮನೆಗಳ ಹಾಗೂ ಮನೆ ಆರೈಕೆ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಮಾನದಂಡಗಳನ್ನು ಪ್ರಸ್ತಾಪಿಸಿದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತಾದರೂ ಆ ಲೋಕಸಭೆಯ ಅವಧಿಯಲ್ಲಿ ಕಾನೂನಾಗಲಿಲ್ಲ.

ಸರ್ಕಾರಿ ಯೋಜನೆಗಳು ಮತ್ತು ಉದ್ಯೋಗ

ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಈ ಕ್ಷೇತ್ರದ ಹೊಣೆ ಹೊತ್ತಿದೆ. 65 ವರ್ಷ ಮೇಲ್ಪಟ್ಟ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ ಮಾಸಾಶನ ದೊರೆಯುತ್ತದೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಡಿ 25 ಮಂದಿ ನಿರ್ಗತಿಕ ಹಿರಿಯರನ್ನು ನೋಡಿಕೊಳ್ಳುವ ಆಶ್ರಮಗಳಿಗೆ ಅನುದಾನವಿದೆ. ರಾಷ್ಟ್ರೀಯ ಸಹಾಯವಾಣಿ 14567ರ ಮೂಲಕ ಹಿರಿಯರು ಮಾಹಿತಿ ಮತ್ತು ನೆರವು ಪಡೆಯಬಹುದು.

ವೃದ್ಧಾಶ್ರಮದ ವ್ಯವಸ್ಥಾಪಕ, ಹಗಲು ಕೇಂದ್ರದ ಸಂಯೋಜಕ, ಮನೆ ಆರೈಕೆ ಸಂಸ್ಥೆಯ ಮೇಲ್ವಿಚಾರಕ, ಆಸ್ಪತ್ರೆಯ ಬಿಡುಗಡೆ ನಂತರದ ಆರೈಕೆ ಸಂಯೋಜಕ ಮತ್ತು ಸ್ವಯಂಸೇವಾ ಸಂಸ್ಥೆಯ ಯೋಜನಾಧಿಕಾರಿ ಈ ವ್ಯಾಸಂಗದ ನಂತರದ ಸಾಮಾನ್ಯ ಹುದ್ದೆಗಳಾಗಿವೆ.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ 1967ರ ಸಾಮಾಜಿಕ ಭದ್ರತಾ ತಿದ್ದುಪಡಿಗಳ ನಂತರ ಶುಶ್ರೂಷಾಲಯದ ಆಡಳಿತಗಾರರಿಗೆ ರಾಜ್ಯ ಪರವಾನಗಿ ಕಡ್ಡಾಯವಾಯಿತು. ಜಪಾನ್ 2000ದಲ್ಲಿ ದೀರ್ಘಾವಧಿ ಆರೈಕೆ ವಿಮೆಯನ್ನು ಜಾರಿಗೊಳಿಸಿ, ಆರೈಕೆಯ ಅಗತ್ಯವಿರುವ ಹಿರಿಯರಿಗೆ ಆರೈಕೆಯ ಯೋಜನೆ ಸಿದ್ಧಪಡಿಸುವ ಆರೈಕೆ ವ್ಯವಸ್ಥಾಪಕರೆಂಬ ಅರ್ಹತೆಯನ್ನು ರೂಪಿಸಿತು.

ಸವಾಲುಗಳು

ಪರವಾನಗಿ ಇಲ್ಲದಿರುವುದರಿಂದ ತರಬೇತಿಯಿಲ್ಲದವರೂ ಆರೈಕೆ ಸಂಸ್ಥೆ ನಡೆಸಲು ಸಾಧ್ಯವಾಗುತ್ತದೆ. ಇದರ ಪರಿಣಾಮ ನೇರವಾಗಿ ನಿವಾಸಿಗಳ ಮೇಲಾಗುತ್ತದೆ: ಗಮನಕ್ಕೆ ಬಾರದ ಹಾಸಿಗೆ ಹುಣ್ಣು, ತಪ್ಪಿದ ಔಷಧ, ದಾಖಲಾಗದ ದೂರುಗಳು ಹೆಚ್ಚಾಗಿ ನಿರ್ವಹಣೆಯ ಲೋಪಗಳೇ ಆಗಿರುತ್ತವೆ. ಪಠ್ಯಸಾಮಗ್ರಿ ಬಹುಪಾಲು ಇಂಗ್ಲಿಷಿನಲ್ಲಿದೆ. ಆರೈಕೆದಾರರು ಮತ್ತು ಹಿರಿಯರು ಮಾತನಾಡುವುದು ಕನ್ನಡದಲ್ಲಿ. ಮಕ್ಕಳಿದ್ದೂ ಆಶ್ರಮ ಸೇರುವುದನ್ನು ಅವಮಾನವೆಂದು ಕಾಣುವ ಹಳ್ಳಿಗಳಲ್ಲಿ, ಹಿರಿಯರನ್ನು ಸ್ವಂತ ಮನೆಯಲ್ಲಿಯೇ ಉಳಿಸಿಕೊಂಡು ಒದಗಿಸುವ ಸೇವೆಗಳು ಹೆಚ್ಚು ಸ್ವೀಕಾರಾರ್ಹವಾಗುವ ಸಾಧ್ಯತೆಯಿದೆ.

ಇವನ್ನೂ ನೋಡಿ

ವೃದ್ಧಾಪ್ಯ
ಸಮಾಜಕಾರ್ಯ
ಉಪಶಾಮಕ ಆರೈಕೆ
ಮಂಡ್ಯ ಜಿಲ್ಲೆ