ಪ್ರಾಸ್ಟೇಟ್ ಕ್ಯಾನ್ಸರ್: ರೋಗದ ಬೆಳವಣಿಗೆ ಹಾಗೂ ಹರಡುವಿಕೆಯಲ್ಲಿ ಸಂಕೇತವಾಹಕ ಪ್ರೋಟೀನುಗಳ ಪಾತ್ರ

ಪೀಠಿಕೆ

ಪ್ರಾಸ್ಟೇಟ್ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ಈ ಗ್ರಂಥಿಯ ಕ್ಯಾನ್ಸರ್ ಸಾಮಾನ್ಯವಾಗಿ 50 ವರ್ಷ ಮೀರಿದವರಲ್ಲಿ ಕಂಡುಬರುತ್ತದೆ. ಕೆಲವರಲ್ಲಿ ಇದು ಹಲವು ವರ್ಷ ಗ್ರಂಥಿಯೊಳಗೇ ಉಳಿಯುತ್ತದೆ. ಇನ್ನು ಕೆಲವರಲ್ಲಿ ಬೇಗನೆ ಮೂಳೆಗಳಿಗೆ ಹರಡುತ್ತದೆ. ಜೀವಕೋಶಗಳಿಗೆ ಬೆಳೆಯುವ ಅಥವಾ ನಿಲ್ಲುವ ಸೂಚನೆಯನ್ನು ತಲುಪಿಸುವ ಸಂಕೇತವಾಹಕ ಪ್ರೋಟೀನುಗಳಲ್ಲಿನ ಬದಲಾವಣೆಯು ಇದಕ್ಕೆ ಒಂದು ಮುಖ್ಯ ಕಾರಣವಾಗಿದೆ. ರೋಗಿಗಳು ಹಾಗೂ ಕುಟುಂಬದವರು ಚಿಕಿತ್ಸೆಯ ಕ್ರಮವನ್ನು ಅರಿಯಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಆಂಡ್ರೋಜನ್ ಗ್ರಾಹಕ

ಟೆಸ್ಟೋಸ್ಟೆರಾನ್ ಮುಂತಾದ ಪುರುಷ ಹಾರ್ಮೋನುಗಳು ಜೀವಕೋಶದೊಳಗಿನ ಆಂಡ್ರೋಜನ್ ಗ್ರಾಹಕ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆಗ ಈ ಗ್ರಾಹಕವು ಕೋಶಕೇಂದ್ರವನ್ನು ಸೇರಿ ಬೆಳವಣಿಗೆಯ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ರಕ್ತದಲ್ಲಿ ಅಳೆಯಲಾಗುವ ಪಿಎಸ್‌ಎ ಸಹ ಇದೇ ಸಂಕೇತದಿಂದ ಉತ್ಪತ್ತಿಯಾಗುವ ಪ್ರೋಟೀನಾಗಿರುತ್ತದೆ. ವೃಷಣಗಳನ್ನು ತೆಗೆಯುವುದರಿಂದ ರೋಗವು ಹಿಮ್ಮೆಟ್ಟುವುದೆಂದು ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ 1941ರಲ್ಲಿ ತೋರಿಸಿದರು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿನ ಹಾರ್ಮೋನು ಚುಚ್ಚುಮದ್ದುಗಳೂ ಇದೇ ತತ್ವವನ್ನು ಆಧರಿಸಿವೆ.

2. ಹಾರ್ಮೋನು ಚಿಕಿತ್ಸೆಗೆ ಮಣಿಯದ ಹಂತ

ಹಾರ್ಮೋನಿನ ಮಟ್ಟ ತಗ್ಗಿದ್ದರೂ ಕಾಲಾಂತರದಲ್ಲಿ ರೋಗವು ಮರಳಿ ಬೆಳೆಯಬಹುದು. ಗ್ರಾಹಕಗಳ ಸಂಖ್ಯೆ ಹೆಚ್ಚುವುದು, ಅವುಗಳ ರಚನೆ ಬದಲಾಗುವುದು ಹಾಗೂ ಗಡ್ಡೆಯು ತಾನೇ ಹಾರ್ಮೋನನ್ನು ತಯಾರಿಸಿಕೊಳ್ಳುವುದು ಇದಕ್ಕೆ ಕಾರಣಗಳು. ಎಆರ್-ವಿ7 ಎಂಬ ಮೊಟಕುಗೊಂಡ ಗ್ರಾಹಕವು ಹಾರ್ಮೋನು ಇಲ್ಲದೆಯೂ ಕಾರ್ಯ ನಿರ್ವಹಿಸುತ್ತದೆ. ಈ ಹಂತಕ್ಕಾಗಿ ಅಮೆರಿಕದಲ್ಲಿ ಅಬಿರಟೆರೋನ್ ಔಷಧಕ್ಕೆ 2011ರಲ್ಲಿ, ಎಂಜಲುಟಮೈಡ್ ಔಷಧಕ್ಕೆ 2012ರಲ್ಲಿ ಮೊದಲ ಅನುಮೋದನೆ ದೊರೆಯಿತು. ಮೊದಲನೆಯದು ಹಾರ್ಮೋನಿನ ಉತ್ಪಾದನೆಯನ್ನೂ ಎರಡನೆಯದು ಗ್ರಾಹಕವನ್ನೂ ತಡೆಯುತ್ತದೆ.

3. ಪಿಟೆನ್ ಮತ್ತು ಎಕೆಟಿ

ಪಿಟೆನ್ ಪ್ರೋಟೀನು ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಅದು ನಷ್ಟವಾದಲ್ಲಿ ಎಕೆಟಿ ಎಂಬ ಪ್ರೋಟೀನು ನಿರಂತರವಾಗಿ ಕ್ರಿಯಾಶೀಲವಾಗಿದ್ದು, ಸಾಯಬೇಕಾದ ಕೋಶಗಳು ಉಳಿದುಕೊಳ್ಳುತ್ತವೆ.

4. ಟಿಜಿಎಫ್-ಬೀಟಾ

ಈ ಪ್ರೋಟೀನು ಆರಂಭದಲ್ಲಿ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ. ರೋಗವು ಮುಂದುವರಿದಾಗ ಇದೇ ಪ್ರೋಟೀನು ಕೋಶಗಳ ನಡುವಿನ ಬಂಧವನ್ನು ಸಡಿಲಿಸಿ, ಅವು ಚಲಿಸಲು ನೆರವಾಗುತ್ತದೆ.

5. ಮೂಳೆಗೆ ಹರಡುವಿಕೆ

ಮೂಳೆ ಸೇರಿದ ಕ್ಯಾನ್ಸರ್ ಕೋಶಗಳ ಪ್ರಭಾವದಿಂದ ರ‍್ಯಾಂಕ್-ಎಲ್ ಎಂಬ ಪ್ರೋಟೀನು ಹೆಚ್ಚಿ, ಮೂಳೆ ಕರಗಿಸುವ ಕೋಶಗಳು ಚುರುಕಾಗುತ್ತವೆ. ಮೂಳೆ ಕರಗಿದಾಗ ಅದರಲ್ಲಿ ಅಡಗಿದ್ದ ಟಿಜಿಎಫ್-ಬೀಟಾ ಹೊರಬಂದು ಕ್ಯಾನ್ಸರನ್ನು ಪೋಷಿಸುತ್ತದೆ. ಹೀಗೆ ಒಂದು ವಿಷವರ್ತುಲ ಏರ್ಪಡುತ್ತದೆ. ಜೊತೆಗೆ ಎಂಡೋಥೆಲಿನ್-1 ಮುಂತಾದ ಸಂಕೇತಗಳಿಂದ ಅಸಹಜವಾದ ಹೊಸ ಮೂಳೆಯೂ ಬೆಳೆಯುತ್ತದೆ. ರ‍್ಯಾಂಕ್-ಎಲ್ ಅನ್ನು ತಡೆಯುವ ಡೆನೊಸುಮಾಬ್ ಚುಚ್ಚುಮದ್ದು ಮೂಳೆ ಮುರಿತದಂತಹ ತೊಂದರೆಗಳನ್ನು ಕಡಿಮೆ ಮಾಡುತ್ತದೆ. ಇದನ್ನು ಆರಂಭಿಸುವ ಮುನ್ನ ದಂತ ತಪಾಸಣೆ ಅಗತ್ಯ.

6. ಸಾರ್ವಜನಿಕರ ಗಮನಕ್ಕೆ

ಅ) ಪಿಎಸ್‌ಎ ಇಳಿದಿದೆ ಎಂಬ ಕಾರಣಕ್ಕೆ ವೈದ್ಯರ ಸಲಹೆಯಿಲ್ಲದೆ ಚುಚ್ಚುಮದ್ದನ್ನು ನಿಲ್ಲಿಸಬಾರದು. ಪಿಎಸ್‌ಎ ಇಳಿಕೆಯು ಸಂಕೇತವು ತಗ್ಗಿರುವುದರ ಸೂಚನೆಯೇ ಹೊರತು ರೋಗವು ಪೂರ್ಣ ಗುಣವಾಯಿತೆಂಬುದಕ್ಕೆ ಪುರಾವೆಯಲ್ಲ.

ಆ) ಗ್ರಂಥಿಯ ಸೋಂಕು ಹಾಗೂ ವಯೋಸಹಜ ಊತದಲ್ಲಿಯೂ ಪಿಎಸ್‌ಎ ಏರಬಹುದು. ಫಿನಾಸ್ಟರೈಡ್ ಮಾತ್ರೆಯು ಅದನ್ನು ಸುಮಾರು ಅರ್ಧದಷ್ಟು ಇಳಿಸುತ್ತದೆ. ಆದ್ದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಇ) ರೋಗಿಗೆ ಬೆನ್ನುನೋವಿನೊಂದಿಗೆ ಕಾಲುಗಳಲ್ಲಿ ಬಲಹೀನತೆ ಅಥವಾ ಮೂತ್ರ ಕಟ್ಟುವಿಕೆ ಕಂಡುಬಂದಲ್ಲಿ, ಬೆನ್ನುಹುರಿಯ ಮೇಲೆ ಒತ್ತಡ ಉಂಟಾಗಿರುವ ಸಾಧ್ಯತೆಯಿದ್ದು, ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ವಿಳಂಬವಾದಲ್ಲಿ ಕಾಲುಗಳ ಶಕ್ತಿ ಶಾಶ್ವತವಾಗಿ ನಷ್ಟವಾಗಬಹುದು.

ಈ) ಚಿಕಿತ್ಸಾ ನೆರವು ಕೋರುವವರು ಬಯಾಪ್ಸಿ ವರದಿ, ದಿನಾಂಕವಾರು ಪಿಎಸ್‌ಎ ವರದಿಗಳು, ಮೂಳೆ ಸ್ಕ್ಯಾನ್ ವರದಿ ಹಾಗೂ ಈವರೆಗೆ ಪಡೆದ ಚುಚ್ಚುಮದ್ದುಗಳ ವಿವರವನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಸೂಕ್ತ. ಮುಂದಿನ ಔಷಧದ ಆಯ್ಕೆಯು ಈ ದಾಖಲೆಗಳನ್ನು ಅವಲಂಬಿಸಿರುತ್ತದೆ.